ನಡೆದು ಗಡಿ ದಾಟುವವರಿಗೂ ಒಂದು ಫಲಕ ಬೇಕು

ಮಾನ್ಯ ಸಂಪಾದಕರೇ,

ಅಂತರರಾಷ್ಟ್ರೀಯ ಗಡಿಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹ ಹೆಚ್ಚಾಗಿ ಎರಡು ಬಗೆಯದು. ಬೇಲಿ ಹಾರಿ, ಹೊಳೆ ಈಜಿ, ಕತ್ತಲಲ್ಲಿ ನುಸುಳಲು ಹೋಗಿ ಸಿಕ್ಕಿಬಿದ್ದವರ ಸುದ್ದಿ ಒಂದು. ಒಂದು ಕಾಲನ್ನು ಈ ದೇಶದಲ್ಲೂ ಇನ್ನೊಂದನ್ನು ಆ ದೇಶದಲ್ಲೂ ಇಟ್ಟು ತೆಗೆಸಿಕೊಂಡ ಚಿತ್ರದೊಂದಿಗೆ ಭಾನುವಾರದ ಪುರವಣಿಯಲ್ಲಿ ಬರುವ ಪ್ರವಾಸ ಲೇಖನ ಇನ್ನೊಂದು. ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು, ಸರದಿಯಲ್ಲಿ ನಿಂತು, ಎರಡೂ ದೇಶಗಳ ಕಾನೂನು ಹೇಳಿದಂತೆ ನಡೆದುಕೊಂಡೇ ಗಡಿ ದಾಟುವ ಸಾಮಾನ್ಯ ಮನುಷ್ಯರು ಈ ಎರಡರಲ್ಲೂ ಕಾಣಿಸಿಕೊಳ್ಳುವುದಿಲ್ಲ. ಮೆಕ್ಸಿಕೊದ ಟಿಹುವಾನಾ ನಗರದಿಂದ ಅಮೆರಿಕದ ಸ್ಯಾನ್ ಯಸಿಡ್ರೊ ಠಾಣೆಯೊಂದರ ಮೂಲಕವೇ ದಿನವೂ ಸಾವಿರಾರು ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ಕೆಲಸಕ್ಕೆ, ಶಾಲೆಗೆ, ನೆಂಟರ ಮನೆಗೆ. ಅವರಲ್ಲಿ ಬಹುಪಾಲು ಜನ ಸಾಹಸಿಗಳೂ ಅಲ್ಲ, ಅಪರಾಧಿಗಳೂ ಅಲ್ಲ. ಹಾಗಾಗಿ ಸುದ್ದಿಯೂ ಅಲ್ಲ.

ಅಂಥವರ ಪರವಾಗಿ ಒಂದು ಆಕ್ಷೇಪವನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ವಿಮಾನದಲ್ಲಿ ಬಂದಿಳಿದವರು ವಲಸೆ ಅಧಿಕಾರಿಯ ಕಿಟಕಿಯನ್ನು ತಪ್ಪಿಸಿಕೊಂಡು ಹೋಗಬೇಕೆಂದರೂ ಹೋಗಲಾಗದಂತೆ ನಿಲ್ದಾಣವನ್ನು ಕಟ್ಟಿರುತ್ತಾರೆ. ಗಡಿ ದಾಟುವ ಬಸ್ಸಿನಲ್ಲಿ ಬಂದವರನ್ನು ಚಾಲಕನೇ ಇಳಿಸಿ, ಇಂಥ ಕೌಂಟರಿಗೆ ಹೋಗಿ ಬನ್ನಿ ಎಂದು ಕಳಿಸುತ್ತಾನೆ. ನಡೆದು ಬಂದವರಿಗೆ ಮಾತ್ರ ಆ ಕಚೇರಿ ಎಲ್ಲಿದೆ, ತೆರೆದಿದೆಯೇ, ನಡೆದು ಬರುವವರನ್ನು ಬಿಡುತ್ತದೆಯೇ ಎಂಬುದನ್ನು ತಾವೇ ಹುಡುಕಿಕೊಳ್ಳುವ ಹೊಣೆ. ಹುಡುಕದೆ ದಾಟಿಹೋದರೆ ತಪ್ಪು ಪೂರ್ತಿಯಾಗಿ ಅವರದೇ. ಕಾನೂನು ಹೊಣೆಯನ್ನು ಪ್ರಯಾಣಿಕರ ಮೇಲೆ ಹೊರಿಸುವುದು ಸರಿ ಎಂದೇ ನಾನೂ ಒಪ್ಪುತ್ತೇನೆ. ಆದರೆ ಹೊಣೆ ಹೊರಿಸಿದವರು ದಾರಿಯನ್ನೂ ತೋರಿಸಬೇಕಲ್ಲ, ಅದು ಅನೇಕ ಕಡೆ ಆಗುತ್ತಿಲ್ಲ.

ನೆಲದ ಮೇಲಿನ ಗೆರೆಯನ್ನು ಮೆಟ್ಟಿದರೆ ಗಡಿ ದಾಟಿದಂತಾಯಿತು ಎಂದು ನಂಬಿದವರು ಬಹಳ ಜನ. ಕಾನೂನಿನ ಕಣ್ಣಿಗೆ ಆ ಗೆರೆ ದೊಡ್ಡ ಸಂಗತಿಯಲ್ಲ. ಬಿಡುವ ದೇಶದ ಅಧಿಕಾರಿ ನಿರ್ಗಮನವನ್ನು ದಾಖಲಿಸಬೇಕು, ಸುಂಕದವರು ಚೀಲ ನೋಡಬೇಕು. ಆಮೇಲೆ ನಡುವಿನ ಹಾದಿ. ಅದರಾಚೆ, ಹೊಗುವ ದೇಶದ ಅಧಿಕಾರಿ ವೀಸಾವನ್ನೋ ಅನುಮತಿ ಪತ್ರವನ್ನೋ ಪರಿಶೀಲಿಸಿ ಪ್ರವೇಶವನ್ನು ದಾಖಲಿಸಬೇಕು, ಅಲ್ಲಿಯ ಸುಂಕದವರು ಅದೇ ಚೀಲವನ್ನು ಮತ್ತೊಮ್ಮೆ ನೋಡಬೇಕು. ಇದೆಲ್ಲವೂ ಗೊತ್ತುಪಡಿಸಿದ ಠಾಣೆಯಲ್ಲಿ, ಗೊತ್ತುಪಡಿಸಿದ ವೇಳೆಯಲ್ಲಿ, ಅದೂ ಆ ಠಾಣೆ ತಮ್ಮ ದೇಶದ ಪೌರರಿಗೆ ಮತ್ತು ತಮ್ಮ ಬಗೆಯ ವೀಸಾಕ್ಕೆ ತೆರೆದಿದ್ದರೆ ಮಾತ್ರ. ವಿಯೆಟ್ನಾಮಿನ ಇ-ವೀಸಾ ಇದ್ದವರು ಆ ದೇಶದ ಯಾವ ಗಡಿಠಾಣೆಯಿಂದಲಾದರೂ ಒಳಗೆ ಹೋಗಬಹುದೆಂದು ತಿಳಿಯುವುದು ಸಹಜ. ಆದರೆ ಇ-ವೀಸಾಕ್ಕೆ ಅಲ್ಲಿಯ ಸರ್ಕಾರ ಠಾಣೆಗಳ ಪಟ್ಟಿಯನ್ನೇ ಗೊತ್ತುಮಾಡಿದೆ, ಪಟ್ಟಿಯಲ್ಲಿ ಇಲ್ಲದ ಠಾಣೆಯಲ್ಲಿ ಆ ವೀಸಾ ಕೆಲಸಕ್ಕೆ ಬಾರದು. ತನ್ನ ದೇಶವೂ ಸೇರಿ ಯಾವುದೇ ದೇಶವನ್ನು ಬಿಟ್ಟು ಹೋಗುವ, ತನ್ನ ದೇಶಕ್ಕೆ ಮರಳುವ ಹಕ್ಕು ಎಲ್ಲರಿಗೂ ಇದೆ ಎಂದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೇ ವಿಧಿ ಹೇಳುತ್ತದೆ. ಬೇರೊಂದು ದೇಶದೊಳಗೆ ಕಾಲಿಡುವ ಹಕ್ಕಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಬಿಡುವುದಕ್ಕೂ ಹೊಗುವುದಕ್ಕೂ ನಡುವಿನ ಈ ವ್ಯತ್ಯಾಸ ಎಲ್ಲಕ್ಕಿಂತ ಮೊದಲು ತಟ್ಟುವುದು ನಡೆದು ಹೋಗುವವರಿಗೆ, ಏಕೆಂದರೆ ಎರಡು ಕೌಂಟರುಗಳ ನಡುವಿನ ದೂರವನ್ನು ಅವರು ತಮ್ಮ ಕಾಲಲ್ಲೇ ಅಳೆಯುತ್ತಾರೆ.

ಕಾವಲು ಬಿಗಿಯಾಗಿರುವ ಗಡಿಗಿಂತ ಸಡಿಲವಾಗಿರುವ ಗಡಿಯಲ್ಲೇ ಕಾನೂನು ತಪ್ಪುವ ಸಾಧ್ಯತೆ ಹೆಚ್ಚು ಎಂಬುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಂಡರೂ ನಿಜ. ಭಾರತ ಮತ್ತು ನೇಪಾಳದ ನಡುವಿನ ಸುನೌಲಿಯನ್ನೇ ನೋಡಿ. 1950ರ ಶಾಂತಿ ಮತ್ತು ಸ್ನೇಹ ಒಪ್ಪಂದದ ನಂತರ ಎರಡೂ ದೇಶಗಳ ಪೌರರು ಅಲ್ಲಿ ವೀಸಾ ಇಲ್ಲದೆ ಓಡಾಡುತ್ತಾರೆ; ಕಮಾನಿನ ಕೆಳಗೆ ಸೈಕಲ್ ರಿಕ್ಷಾಗಳು, ತಲೆಹೊರೆಯವರು, ಲಾರಿಗಳು ಒಂದೇ ಪ್ರವಾಹವಾಗಿ ಸಾಗುತ್ತಿರುತ್ತವೆ. ಮೂರನೆಯ ದೇಶದಿಂದ ಬಂದವರಿಗೆ ಈ ಸಲುಗೆ ಇಲ್ಲ. ಅವರು ಇತ್ತ ನಿರ್ಗಮನ ಮುದ್ರೆಯನ್ನೂ ಅತ್ತ ವೀಸಾ ಮತ್ತು ಪ್ರವೇಶ ಮುದ್ರೆಯನ್ನೂ ಹಾಕಿಸಿಕೊಳ್ಳಲೇಬೇಕು. ಎಲ್ಲರೊಂದಿಗೆ ನಡೆಯುತ್ತ ಹೋದರೆ ಅವರನ್ನು ತಡೆದು ನಿಲ್ಲಿಸುವವರು ಯಾರೂ ಇಲ್ಲದಿರಬಹುದು, ಕಚೇರಿಯೋ ಬೀದಿಯ ಬದಿಯ ಅಂಗಡಿಸಾಲಿನಲ್ಲಿ ಸುಲಭವಾಗಿ ಕಣ್ತಪ್ಪುವಂಥದು. ತಡೆಯಲಿಲ್ಲ ಎಂಬುದು ಬಿಟ್ಟರು ಎಂಬುದಕ್ಕೆ ಸಮ ಅಲ್ಲ.

ಇಂಥ ಒಂದು ಗಡಿಯ ಕಿಟಕಿಯ ಮುಂದೆ ನಾನು ಕಂಡದ್ದನ್ನು ಹೇಳುತ್ತೇನೆ; ಯಾವ ಗಡಿ ಎಂಬುದು ಇಲ್ಲಿ ಬೇಡ. ವಯಸ್ಸಾದ ಗಂಡ ಹೆಂಡತಿ ಕೈಚೀಲಗಳನ್ನು ನೆಲಕ್ಕಿಟ್ಟು ಪಾಸ್‌ಪೋರ್ಟುಗಳನ್ನು ಕಿಟಕಿಯೊಳಗೆ ಚಾಚಿದರು. ಅಧಿಕಾರಿ ಪುಟಗಳನ್ನು ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ತಿರುವಿದರು. ವೀಸಾ ಇತ್ತು, ಅವಧಿ ಇತ್ತು, ಭಾವಚಿತ್ರ ಹೊಂದುತ್ತಿತ್ತು. ಇಲ್ಲದಿದ್ದದ್ದು ಹಿಂದೆ ಬಿಟ್ಟು ಬಂದ ದೇಶದ ನಿರ್ಗಮನ ಮುದ್ರೆ. ಅವರು ಗದರಲಿಲ್ಲ, ಪಾಸ್‌ಪೋರ್ಟುಗಳನ್ನು ಮಡಚಿ ಹಿಂದಿರುಗಿಸಿ, ಬಂದ ದಾರಿಯತ್ತ ಕೈ ತೋರಿಸಿದರು. ಬಿಸಿಲಲ್ಲಿ ಅಷ್ಟೂ ದೂರ ಹಿಂದಕ್ಕೆ ನಡೆದು ಹೋದ ಆ ಇಬ್ಬರೂ ಮೊದಲ ಬಾರಿಗೆ ಆ ಕಚೇರಿಯನ್ನು ಕಾಣದೆ ಹೋದದ್ದಕ್ಕೆ ಕಾರಣ ಹುಡುಕಬೇಕಾದ್ದಿರಲಿಲ್ಲ. ಬಾಗಿಲ ಮೇಲಿನ ಬರಹ ಬಣ್ಣ ಬಿಟ್ಟಿತ್ತು, ಅದರ ಮುಂದೆ ಸುಂಕ ಕಟ್ಟಲು ಕಾದಿದ್ದ ಲಾರಿಯೊಂದು ನಿಂತಿತ್ತು. ಲಾರಿಗಳಿಗೆ ದಾರಿ ತೋರಿಸುವ ಫಲಕ ಮಾತ್ರ ಆಳೆತ್ತರದ್ದು, ಹೊಸದು. ನಿರ್ಗಮನ ಮುದ್ರೆ ಇಲ್ಲದೆ ಮುಂದೆ ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದು ಇನ್ನೂ ಕೆಟ್ಟ ಕತೆ: ಬಿಟ್ಟ ದೇಶದ ದಾಖಲೆಯಲ್ಲಿ ಅವರು ಇನ್ನೂ ಅಲ್ಲೇ ಇದ್ದಾರೆ, ವೀಸಾದ ಅವಧಿ ಮೀರುತ್ತಿದೆ, ಮುಂದೊಂದು ದಿನ ಅರ್ಜಿ ಹಾಕಿದಾಗ ಅವಧಿ ಮೀರಿ ಉಳಿದವರು ಎಂಬ ಉತ್ತರ ಬರಬಹುದು.

ಬ್ರೆಜಿಲಿನ ಶುಯಿ ಮತ್ತು ಉರುಗ್ವೆಯ ಚುಯಿ ಎಂಬ ಅವಳಿ ಊರುಗಳ ನಡುವೆ ಗಡಿ ಎಂದರೆ ಒಂದು ಅಗಲವಾದ ಬೀದಿ. ರಿವೇರಾ ಮತ್ತು ಸಾಂತಾನ ದೊ ಲಿವ್ರಾಮೆಂತೊ ಊರುಗಳ ನಡುವೆ ಅದು 1943ರಿಂದ ಎರಡೂ ದೇಶಗಳು ಹಂಚಿಕೊಂಡಿರುವ ಒಂದು ಉದ್ಯಾನ. ಬೀದಿ ದಾಟುವವರನ್ನು, ಉದ್ಯಾನದಲ್ಲಿ ಅಡ್ಡಾಡುವವರನ್ನು ಯಾರೂ ಏನನ್ನೂ ಕೇಳುವುದಿಲ್ಲ, ಕೇಳುವ ಅಗತ್ಯವೂ ಇಲ್ಲ. ಆದರೆ ಅಲ್ಲಿಂದ ದೇಶದ ಒಳಭಾಗಕ್ಕೆ ಹೊರಟ ವಿದೇಶಿಯರು ತಾವಾಗಿಯೇ ವಲಸೆ ಕಚೇರಿಗೆ ಹೋಗಿ ಒಂದು ದೇಶದಿಂದ ನಿರ್ಗಮನ, ಇನ್ನೊಂದಕ್ಕೆ ಪ್ರವೇಶ ದಾಖಲಿಸಿಕೊಳ್ಳಬೇಕು. ನೆರೆಹೊರೆಯವರು ತಲೆಮಾರುಗಳಿಂದ ಹೀಗೆ ಬದುಕಿದ್ದಾರೆ ಎಂಬುದನ್ನು ಮೆಚ್ಚಿಕೊಳ್ಳುತ್ತಲೇ ಹೇಳಬೇಕಾದ ಮಾತೆಂದರೆ, ಇಂಥ ಸೌಹಾರ್ದದ ಗಡಿಯಲ್ಲಿ ಹೊಸಬರಿಗೆ ಬೇಕಾದ ಮಾಹಿತಿ ಮುಳ್ಳುತಂತಿಯ ಗಡಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಇನ್ನು ಕೆಲವು ಗಡಿಗಳಲ್ಲಿ ನಡೆದು ಹೋಗುವುದೇ ನಿಷಿದ್ಧ. ಅಮೆರಿಕದ ಡೆಟ್ರಾಯಿಟ್ ಮತ್ತು ಕೆನಡಾದ ವಿಂಡ್ಸರ್ ನಗರಗಳ ನಡುವಿನ ಅಂಬಾಸಡರ್ ಸೇತುವೆಯ ಮೇಲೆ ಪಾದಚಾರಿಗಳನ್ನು ಬಿಡುವುದಿಲ್ಲ. ಜೋರ್ಡಾನ್ ನದಿಯ ಅಲೆನ್‌ಬಿ ಸೇತುವೆಯನ್ನು ಬಸ್ಸಿನಲ್ಲೇ ದಾಟಬೇಕು. ನಾರ್ವೆ ಮತ್ತು ರಷ್ಯಾದ ನಡುವಿನ ಸ್ಟೋರ್‌ಸ್ಕೋಗ್ ಠಾಣೆಯಲ್ಲಿ 2015ರಲ್ಲಿ ನಡೆದದ್ದು ಈ ನಿಯಮದ ಬಗ್ಗೆ ಯೋಚಿಸುವಂತೆ ಮಾಡುತ್ತದೆ. ರಷ್ಯಾದ ಕಡೆಯಿಂದ ಕಾಲ್ನಡಿಗೆಯಲ್ಲಿ ದಾಟಲು ಅವಕಾಶವಿರಲಿಲ್ಲ; ದಾಖಲೆಪತ್ರ ಇಲ್ಲದವರನ್ನು ವಾಹನದಲ್ಲಿ ಕರೆತಂದ ಚಾಲಕರನ್ನು ನಾರ್ವೆ ಶಿಕ್ಷಿಸುತ್ತಿತ್ತು. ಸೈಕಲ್ಲು ಈ ಎರಡು ನಿಯಮಗಳ ನಡುವೆ ಉಳಿದಿದ್ದ ಸಂದು. ಆಶ್ರಯ ಕೋರಿ ಬಂದ ಐದು ಸಾವಿರಕ್ಕೂ ಹೆಚ್ಚು ಮಂದಿ, ಸೈಕಲ್ ತುಳಿಯಲು ಬಾರದವರೂ ಸೇರಿ, ಕೊನೆಯ ಕೆಲವು ಮೀಟರುಗಳನ್ನು ಚಕ್ರದ ಮೇಲೆ ದಾಟಿ ಠಾಣೆಯೆದುರು ಅವನ್ನು ಬಿಟ್ಟುಹೋದರು. ಹಾಗೆ ಬಿದ್ದ ಸೈಕಲ್ಲುಗಳಲ್ಲಿ ಮಕ್ಕಳ ಗಾತ್ರದವೂ ಇದ್ದವು. ನಾರ್ವೆಯ ಸುರಕ್ಷತಾ ಮಾನದಂಡಕ್ಕೆ ಹೊಂದುವುದಿಲ್ಲವೆಂದು ಅವನ್ನು ನಾಶಪಡಿಸಲಾಯಿತು. ವಾಹನಗಳ ಸುರಕ್ಷತೆಗಾಗಿಯೋ ತಪಾಸಣೆಯ ಅನುಕೂಲಕ್ಕಾಗಿಯೋ ಮಾಡಿದ ನಿಯಮ, ಮನುಷ್ಯರು ಎದುರಿಗೆ ಬಂದಾಗ ಹೀಗೂ ಕಾಣಬಹುದು.

ಇದರ ಎದುರು ತುದಿಯಲ್ಲಿ, ಕಾಲ್ನಡಿಗೆಯವರಿಗಷ್ಟೇ ತೆರೆದ ಗಡಿಗಳೂ ಇವೆ. ಎಸ್ಟೋನಿಯಾದ ನಾರ್ವಾ ಮತ್ತು ರಷ್ಯಾದ ಇವಾಂಗೊರೊಡ್ ನಡುವಿನ ಸೇತುವೆಯನ್ನು 2024ರ ಫೆಬ್ರವರಿಯಲ್ಲಿ ರಷ್ಯಾ ತನ್ನ ಕಡೆಯ ಠಾಣೆಯ ದುರಸ್ತಿಯ ಕಾರಣ ಕೊಟ್ಟು ವಾಹನಗಳಿಗೆ ಮುಚ್ಚಿದ ಮೇಲೆ ಅಲ್ಲಿ ಉಳಿದದ್ದು ಪಾದಚಾರಿಗಳ ಸಾಲು ಮಾತ್ರ. ಅದೇ ವರ್ಷದ ಮೇ ತಿಂಗಳಿಂದ ಎಸ್ಟೋನಿಯಾ ರಾತ್ರಿ ವೇಳೆ ಬಾಗಿಲು ಹಾಕತೊಡಗಿತು. ಅಲ್ಲಿಂದಾಚೆಗೆ, ಸೂಟ್‌ಕೇಸುಗಳನ್ನು ಎಳೆದುಕೊಂಡು ಬಂದವರು ಮಳೆ ಹಿಮಗಳ ನಡುವೆ ಗಂಟೆಗಟ್ಟಲೆ ಕಾಯುವುದು ಆ ಊರಿನ ದಿನಚರಿಯಾಗಿದೆ. ಪೋಲೆಂಡಿನ ಮೆಡಿಕಾದಲ್ಲಿ ಮೊದಲಿನಿಂದಲೂ ಪಾದಚಾರಿಗಳಿಗೆ ಪ್ರತ್ಯೇಕ ದಾರಿ ಇದ್ದದ್ದು, 2022ರ ಫೆಬ್ರವರಿಯಲ್ಲಿ ಉಕ್ರೇನಿನಿಂದ ತಾಯಂದಿರು, ಮಕ್ಕಳು, ವೃದ್ಧರು ಹೊರಟು ಬಂದಾಗ ಎಷ್ಟು ಬೆಲೆಬಾಳುವ ವ್ಯವಸ್ಥೆ ಎಂಬುದು ಜಗತ್ತಿಗೇ ಕಂಡಿತು. ಬ್ರಿಟನ್ನಿನ ಅಧೀನದಲ್ಲಿರುವ ಜಿಬ್ರಾಲ್ಟರಿನ ಗಡಿಯನ್ನು ಸ್ಪೇನ್ 1969ರ ಜೂನ್‌ನಲ್ಲಿ ಮುಚ್ಚಿತ್ತು. ಬೇಲಿಯ ಎರಡೂ ಕಡೆ ನಿಂತು ಬಂಧುಗಳು ಕೂಗಿ ಮಾತಾಡಿದ ವರ್ಷಗಳವು. 1982ರ ಡಿಸೆಂಬರಿನಲ್ಲಿ ಗೇಟು ತೆರೆದಾಗ ಮೊದಲು ದಾಟಲು ಬಿಟ್ಟದ್ದು ನಡೆದು ಬರುವವರನ್ನು. ವಾಹನಗಳು 1985ರ ಫೆಬ್ರವರಿಯವರೆಗೆ ಕಾಯಬೇಕಾಯಿತು. ಸಂಬಂಧ ಕೆಟ್ಟ ಎರಡು ಸರ್ಕಾರಗಳು ಮತ್ತೆ ಬಾಗಿಲು ತೆರೆಯುವಾಗ ಮೊದಲು ಕಾಲ್ನಡಿಗೆಯವರನ್ನು ಬಿಟ್ಟು ನೋಡುವುದು ಅಲ್ಲಿಗಷ್ಟೇ ಸೀಮಿತವಲ್ಲ. ಸೈಪ್ರಸಿನ ರಾಜಧಾನಿ ನಿಕೋಸಿಯಾದ ನಡುಮಧ್ಯೆ, ದಶಕಗಳ ಕಾಲ ಮುಚ್ಚಿಹೋಗಿದ್ದ ಲೆಡ್ರಾ ಬೀದಿಯನ್ನು 2008ರ ಏಪ್ರಿಲ್ 3ರಂದು ತೆರೆದದ್ದೂ ಪಾದಚಾರಿಗಳಿಗೇ.

ಲೆಡ್ರಾ ಬೀದಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಕಾನೂನುಬದ್ಧ ಎನ್ನುವಾಗ ಯಾರ ಕಾನೂನು ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ತುರ್ಕಿ ಸೈಪ್ರಿಯಟ್ ಆಡಳಿತದ ಕೈಯಲ್ಲಿರುವ ಉತ್ತರ ಭಾಗದ ವಿಮಾನ ನಿಲ್ದಾಣದಲ್ಲಿ ಇಳಿದು, ಅಲ್ಲಿಯ ಅಧಿಕಾರಿಗಳಿಂದ ಎಲ್ಲ ಪರಿಶೀಲನೆ ಮುಗಿಸಿಕೊಂಡು, ನೆಮ್ಮದಿಯಾಗಿ ಬೀದಿ ದಾಟಲು ಬಂದವರ ಪ್ರವೇಶವನ್ನು ಸೈಪ್ರಸ್ ಗಣರಾಜ್ಯ ಕಾನೂನುಬದ್ಧವೆಂದು ಒಪ್ಪುವುದಿಲ್ಲ. ದಕ್ಷಿಣದಲ್ಲಿ ಇಳಿದು ಉತ್ತರಕ್ಕೆ ಹೋಗಿ ಬರುವವರಿಗೆ ಈ ತೊಡಕಿಲ್ಲ. ಪ್ರವಾಸ ಲೇಖನಗಳಲ್ಲಿ ಆ ಬೀದಿಯ ಚಿತ್ರಗಳು ಬಂದಷ್ಟು ಈ ವಿವರ ಬರುವುದಿಲ್ಲ.

ಎರಡು ಠಾಣೆಗಳ ನಡುವಿನ ನೆಲದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ನಡೆದು ಹೋಗುವವರು ನಿಜವಾಗಿ ಕೈಬಿಡಲ್ಪಡುವುದು ಅಲ್ಲಿಯೇ. ಜಿಂಬಾಬ್ವೆ ಮತ್ತು ಜಾಂಬಿಯಾದ ನಡುವೆ 1905ರಲ್ಲಿ ತೆರೆದ ವಿಕ್ಟೋರಿಯಾ ಫಾಲ್ಸ್ ಸೇತುವೆ 198 ಮೀಟರ್ ಉದ್ದದ್ದು. ಸೇತುವೆಯನ್ನಷ್ಟೇ ನೋಡಿ ಮರಳುವವರಿಗೆ ಠಾಣೆಯಲ್ಲಿ ಒಂದು ಚೀಟಿ ಕೊಡುತ್ತಾರೆ, ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲ. ಅದು ಸೊಗಸಾದ, ವಿವೇಕದ ವ್ಯವಸ್ಥೆ. ಆದರೆ ಒಂದೇ ಬಾರಿಯ ಪ್ರವೇಶಕ್ಕೆ ಪಡೆದ ವೀಸಾ ಇಟ್ಟುಕೊಂಡು ಸೇತುವೆಯಾಚೆ ಹೋಗಿ ಮುದ್ರೆ ಹಾಕಿಸಿಕೊಂಡವರಿಗೆ ಹಿಂದಿರುಗುವಾಗ ಹೊಸ ವೀಸಾ ಬೇಕಾಗುತ್ತದೆ. ಈ ತೊಂದರೆ ತಪ್ಪಿಸಲೆಂದೇ ಎರಡೂ ದೇಶಗಳು 2014ರಲ್ಲಿ ಕಾಜಾ ಎಂಬ ಸಮಾನ ವೀಸಾವನ್ನು ತಂದವು. ಮೊರಾಕೊದ ಆಡಳಿತದಲ್ಲಿರುವ ಪಶ್ಚಿಮ ಸಹಾರಾದಿಂದ ಮಾರಿಟೇನಿಯಾಕ್ಕೆ ಹೋಗುವ ಗೆರ್ಗರಾತ್‌ನಲ್ಲಿ ನಡುವಿನ ಹಾದಿ ಕೆಲವು ಕಿಲೋಮೀಟರುಗಳಷ್ಟಿದೆ. ಎರಡೂ ಬದಿಯಲ್ಲಿ ಬಹುಕಾಲ ಬಿಟ್ಟುಹೋದ ಕಾರುಗಳ ಅಸ್ಥಿಪಂಜರಗಳು ಬಿದ್ದಿದ್ದವು. ನೆಲಬಾಂಬುಗಳ ಅಪಾಯ ಇರುವುದರಿಂದ ಜಾಡು ಬಿಟ್ಟು ಇಳಿಯುವಂತಿಲ್ಲ. ಒಂದು ದೇಶ ಬಿಟ್ಟಾಗಿದೆ, ಇನ್ನೊಂದು ಇನ್ನೂ ತೆಗೆದುಕೊಂಡಿಲ್ಲ ಎಂಬ ಸ್ಥಿತಿಯಲ್ಲಿ, ಎದುರಿನ ಠಾಣೆ ಯಾವುದೋ ಕಾರಣಕ್ಕೆ ಒಲ್ಲೆ ಎಂದರೆ, ಹಿಂದಿನ ಠಾಣೆ ತನ್ನ ನಿರ್ಗಮನ ಮುದ್ರೆಯನ್ನು ರದ್ದುಮಾಡಿ ವಾಪಸು ಸೇರಿಸಿಕೊಳ್ಳುತ್ತದೆಯೇ ಎಂಬುದು ಆ ಹೊತ್ತಿನ ಅಧಿಕಾರಿಯ ಮನಸ್ಸನ್ನು ಅವಲಂಬಿಸಿದೆ. ಕಾರಿನಲ್ಲಿರುವವರಿಗೆ ಕೂರಲು ಸೀಟಾದರೂ ಇರುತ್ತದೆ.

ಗಡಿಯಾರದ ವಿಚಾರ ಇದಕ್ಕೆ ಸೇರಿಕೊಂಡದ್ದು. ನೇಪಾಳ ಭಾರತಕ್ಕಿಂತ ಕಾಲು ಗಂಟೆ ಮುಂದು, ಬಾಂಗ್ಲಾದೇಶ ಅರ್ಧ ಗಂಟೆ ಮುಂದು. ಎಸ್ಟೋನಿಯಾ ಮತ್ತು ರಷ್ಯಾ ಬೇಸಿಗೆಯಲ್ಲಿ ಒಂದೇ ಸಮಯದಲ್ಲಿದ್ದು ಚಳಿಗಾಲದಲ್ಲಿ ಒಂದು ಗಂಟೆಯ ಅಂತರಕ್ಕೆ ಬರುತ್ತವೆ. ಇತ್ತಲಿನ ಗಡಿಯಾರ ನೋಡಿ ಇನ್ನೂ ಹೊತ್ತಿದೆ ಎಂದು ಹೊರಟವರಿಗೆ ಅತ್ತ ಬಾಗಿಲು ಹಾಕಿರಬಹುದು. ವೇಳೆಯ ನಿಯಮ ಮನುಷ್ಯರ ಬದುಕಿನ ಮೇಲೆ ಎಷ್ಟು ಭಾರವಾಗಿ ಕೂರಬಲ್ಲದು ಎಂಬುದಕ್ಕೆ ತೀನ್ ಬಿಘಾ ಎಂಬ ಓಣಿಗಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ. ಬಾಂಗ್ಲಾದೇಶದ ದಹಗ್ರಾಮ ಮತ್ತು ಅಂಗರಪೋತಾ ಸುತ್ತಲೂ ಭಾರತದ ನೆಲವಿರುವ ತುಣುಕುಗಳು. ಅಲ್ಲಿಯವರು ತಮ್ಮದೇ ದೇಶದ ಉಳಿದ ಭಾಗಕ್ಕೆ ಹೋಗಲು ಭಾರತ ಗುತ್ತಿಗೆಗೆ ಕೊಟ್ಟ, 178 ಮೀಟರ್ ಉದ್ದ 85 ಮೀಟರ್ ಅಗಲದ ಆ ಓಣಿಯನ್ನು ದಾಟಬೇಕು. 1992ರಲ್ಲಿ ಓಣಿ ತೆರೆಯಿತು, ಆದರೆ ಹಗಲಿನ ಗೊತ್ತಾದ ಗಂಟೆಗಳಿಗೆ ಮಾತ್ರ. ಕತ್ತಲಾದ ಮೇಲೆ ಹೆರಿಗೆ ನೋವು ಬಂದರೂ ಗೇಟು ಗೇಟೇ. ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿಡುವ ತೀರ್ಮಾನ ಬಂದದ್ದು 2011ರಲ್ಲಿ. ಎರಡು ನಿಮಿಷದಲ್ಲಿ ನಡೆದು ಮುಗಿಸಬಹುದಾದ ದಾರಿಗೆ ಇಷ್ಟು ವರ್ಷ.

ಎಲ್ಲ ಕಡೆ ಮುದ್ರೆ ಸಿಗುತ್ತದೆ ಎಂದುಕೊಳ್ಳುವುದೂ ಸರಿಯಲ್ಲ. ಅಮೆರಿಕದಿಂದ ನಡೆದು ಮೆಕ್ಸಿಕೊಕ್ಕೋ ಕೆನಡಾಕ್ಕೋ ಹೊರಟವರಿಗೆ ಅಮೆರಿಕದ ಕಡೆಯ ನಿರ್ಗಮನ ಕೌಂಟರೇ ಇರುವುದಿಲ್ಲ. ಕೆನಡಾದ ಗಡಿಯಲ್ಲಿ ಎರಡೂ ದೇಶಗಳು ಮಾಹಿತಿ ಹಂಚಿಕೊಳ್ಳುವುದರಿಂದ ಅಲ್ಲಿಯ ಪ್ರವೇಶ ದಾಖಲೆಯೇ ಇಲ್ಲಿಯ ನಿರ್ಗಮನ ದಾಖಲೆಯಾಗುತ್ತದೆ. ಮೆಕ್ಸಿಕೊದ ಕಡೆ ಹೋದ ವಿದೇಶಿಯರು ತಾವು ಅಮೆರಿಕ ಬಿಟ್ಟದ್ದಕ್ಕೆ ಮೆಕ್ಸಿಕೊದ ಪ್ರವೇಶ ಮುದ್ರೆಯನ್ನಾದರೂ ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಯುರೋಪಿನ ಷೆಂಗೆನ್ ವಲಯದ ಹೊರಗಡಿಗಳಲ್ಲಿ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಮುದ್ರೆಯ ಬದಲು ಬೆರಳಚ್ಚು ಮತ್ತು ಮುಖಚಿತ್ರದ ದಾಖಲೆ ಜಾರಿಗೆ ಬಂದಿದೆ. ನೂರೆಂಬತ್ತು ದಿನಗಳಲ್ಲಿ ತೊಂಬತ್ತು ದಿನ ಮಾತ್ರ ಉಳಿಯಬಹುದು ಎಂಬ ಲೆಕ್ಕವನ್ನು ಇನ್ನು ಯಂತ್ರವೇ ಇಡುತ್ತದೆ. ಲೆಕ್ಕ ತಪ್ಪುವುದು ಇದರಿಂದ ಕಡಿಮೆಯಾದೀತು. ಆದರೆ ದಾಖಲೆ ಆಗಿದೆಯೋ ಇಲ್ಲವೋ ಎಂದು ಪುಟ ತಿರುವಿ ನೋಡಿ ಖಾತ್ರಿಪಡಿಸಿಕೊಳ್ಳುವ ಅವಕಾಶ ಪ್ರಯಾಣಿಕರ ಕೈ ತಪ್ಪುತ್ತದೆ ಎಂಬುದು ನನಗೆ ಅಷ್ಟಾಗಿ ಹಿಡಿಸದ ಸಂಗತಿ.

ನಿನ್ನೆ ಸರಿಯಾಗಿದ್ದ ಹೆಜ್ಜೆ ಇಂದು ತಪ್ಪಾಗಬಹುದು ಎಂಬುದನ್ನು ಓದುಗರಿಗೆ ತಿಳಿಸುವುದು ಪತ್ರಿಕೆಗಳ ಕೆಲಸವೇ. ಅಮೆರಿಕದ ವರ್ಮಾಂಟ್ ಮತ್ತು ಕೆನಡಾದ ಕ್ಯುಬೆಕ್ ಗಡಿಯ ಮೇಲೆಯೇ ಕಟ್ಟಿದ ಹ್ಯಾಸ್ಕೆಲ್ ಗ್ರಂಥಾಲಯದ ನೆಲದ ಮೇಲೆ ಗಡಿಗೆರೆ ಎಳೆದಿದ್ದಾರೆ. ಮುಂಬಾಗಿಲು ಅಮೆರಿಕದಲ್ಲಿದ್ದರೂ ಕೆನಡಾದ ಓದುಗರು ಪಾದಚಾರಿ ಹಾದಿಯಲ್ಲಿ ಬಂದು ಆ ಬಾಗಿಲಿನಿಂದ ಒಳಗೆ ಹೋಗುವುದು ನೂರಕ್ಕೂ ಹೆಚ್ಚು ವರ್ಷಗಳ ರೂಢಿ. 2025ರಲ್ಲಿ ಅಮೆರಿಕ ಅದನ್ನು ಮೊಟಕುಗೊಳಿಸಿತು. ಈಗ ಆ ಬಾಗಿಲಿಗೆ ಬರಬೇಕೆಂದರೆ ಮೊದಲು ಗಡಿಠಾಣೆಗೆ ಹೋಗಬೇಕು. ಅದೇ ವರ್ಷದ ಜನವರಿಯಲ್ಲಿ ಕೆನಡಾ, ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ದೀರ್ಘ ಚಾರಣದ ಹಾದಿಯಲ್ಲಿ ಬರುವವರಿಗೆ ಕಾಡಿನ ನಡುವೆಯೇ ಗಡಿ ದಾಟಲು ಕೊಡುತ್ತಿದ್ದ ಪರವಾನಗಿಯನ್ನು ನಿಲ್ಲಿಸಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ನಡೆದು ಬಂದವರು ಈಗ ಗಡಿಕಂಬವನ್ನು ಮುಟ್ಟಿ, ರಸ್ತೆ ಸಿಗುವ ಹಾರ್ಟ್ಸ್ ಪಾಸ್‌ವರೆಗೆ ಮತ್ತೆ ಸುಮಾರು 48 ಕಿಲೋಮೀಟರ್ ಹಿಂದಕ್ಕೆ ನಡೆಯಬೇಕು. ಭಾರತದ ಯಾತ್ರಿಕರು ಪಾಕಿಸ್ತಾನದ ಗುರುದ್ವಾರಕ್ಕೆ ಹೋಗಿಬರುವ ಕರ್ತಾರ್‌ಪುರ ಕಾರಿಡಾರ್ 2019ರ ನವೆಂಬರ್ 9ರಂದು ತೆರೆಯಿತು, 2020ರ ಮಾರ್ಚ್‌ನಲ್ಲಿ ಸೋಂಕಿನ ಕಾರಣಕ್ಕೆ ಮುಚ್ಚಿತು, 2021ರ ನವೆಂಬರಿನಲ್ಲಿ ಮತ್ತೆ ತೆರೆಯಿತು, 2025ರ ಮೇ ತಿಂಗಳಲ್ಲಿ ಮತ್ತೆ ಸ್ಥಗಿತವಾಯಿತು. ಪಾಕಿಸ್ತಾನದ ಗಡಿಯಲ್ಲಿರುವ ನಮ್ಮ ಅಟ್ಟಾರಿ ಠಾಣೆಯನ್ನು ಮುಚ್ಚುವ ಘೋಷಣೆ 2025ರ ಏಪ್ರಿಲ್ 23ರಂದು ಹೊರಬಿದ್ದಾಗ, ಸರಿಯಾದ ದಾಖಲೆ ಇಟ್ಟುಕೊಂಡು ಅದೇ ದಾರಿಯಲ್ಲಿ ದಾಟಿದ್ದವರಿಗೆ ಮರಳಲು ಸಿಕ್ಕದ್ದು ಮೇ 1ರವರೆಗಿನ ಗಡುವು. ಸಂಜೆಯ ಕವಾಯತಿನ ಚಿತ್ರಗಳನ್ನು ಮುದ್ರಿಸಿದಷ್ಟು ಉತ್ಸಾಹದಿಂದ ಆ ಗಡುವಿನ ವಿವರಗಳನ್ನು ಎಷ್ಟು ಪತ್ರಿಕೆಗಳು ಮುದ್ರಿಸಿದವು ಎಂಬುದನ್ನು ಸಂಪಾದಕರೇ ನೆನಪಿಸಿಕೊಳ್ಳಲಿ.

ಕಾನೂನು ತಿಳಿಯದು ಎನ್ನುವುದು ನೆಪವಾಗಬಾರದು, ಬೇರೆ ದೇಶಕ್ಕೆ ಹೋಗುವವರು ತಿಳಿದುಕೊಂಡೇ ಹೋಗಲಿ ಎಂದು ಹೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ 2018ರಲ್ಲಿ ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಸಮುದ್ರದಂಡೆಗುಂಟ ಓಡುತ್ತ ಹೋದ ಪ್ರವಾಸಿಯೊಬ್ಬರು, ಬೇಲಿಯೂ ಫಲಕವೂ ಕಾಣದ ಜಾಗದಲ್ಲಿ ಅಮೆರಿಕದೊಳಗೆ ಕಾಲಿಟ್ಟದ್ದಕ್ಕೆ ಎರಡು ವಾರ ಬಂಧನ ಕೇಂದ್ರದಲ್ಲಿ ಇರಬೇಕಾಯಿತು. ಅಲ್ಲಿಂದ ತುಸುವೇ ದೂರದ ಪೀಸ್ ಆರ್ಚ್ ಉದ್ಯಾನದಲ್ಲಿ ಎರಡೂ ದೇಶಗಳವರು ತಪಾಸಣೆ ಇಲ್ಲದೆ ಒಟ್ಟಿಗೆ ಓಡಾಡಬಹುದು, ಬಂದ ಕಡೆಗೇ ಮರಳಬೇಕು ಎಂಬುದಷ್ಟೇ ಷರತ್ತು. ಹತ್ತಿರ ಹತ್ತಿರದ ಎರಡು ಜಾಗಗಳಲ್ಲಿ ಒಂದೇ ನಡಿಗೆಗೆ ಇಷ್ಟು ಬೇರೆಯಾದ ಫಲ ಸಿಗುವಾಗ, ತಿಳಿದುಕೊಂಡು ಹೋಗಬೇಕಾದವರಿಗೆ ತಿಳಿಸುವವರೂ ಇರಬೇಕಾಗುತ್ತದೆ. ಜೀವಭಯದಿಂದ ಓಡಿಬಂದವರ ವಿಷಯವೇ ಬೇರೆ: ಅಪಾಯವಿರುವ ಕಡೆಯಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಿ ಕಾರಣ ಹೇಳಿದ ನಿರಾಶ್ರಿತರನ್ನು ಅಕ್ರಮ ಪ್ರವೇಶಕ್ಕಾಗಿ ದಂಡಿಸಬಾರದೆಂದು 1951ರ ನಿರಾಶ್ರಿತರ ಒಪ್ಪಂದದ 31ನೇ ವಿಧಿ ಹೇಳುತ್ತದೆ. ನುಸುಳುಕೋರರು ಎಂದು ಶೀರ್ಷಿಕೆ ಕೊಡುವ ಮುನ್ನ ಈ ವಿಧಿಯನ್ನು ಒಮ್ಮೆ ನೋಡುವ ಅಭ್ಯಾಸ ಸುದ್ದಿಮನೆಯಲ್ಲಿ ಬಂದರೆ ಒಳ್ಳೆಯದು.

ನನ್ನ ಕೋರಿಕೆ ಇಷ್ಟು. ಗಡಿಯ ಬಗ್ಗೆ ಪ್ರವಾಸ ಬರಹ ಪ್ರಕಟಿಸುವಾಗ, ಆ ಠಾಣೆಯಲ್ಲಿ ನಡೆದು ಹೋಗಲು ಬಿಡುತ್ತಾರೆಯೇ, ಯಾವ ದೇಶದವರನ್ನು ಬಿಡುತ್ತಾರೆ, ಯಾವ ಗಡಿಯಾರದ ಪ್ರಕಾರ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ನಿರ್ಗಮನ ಮತ್ತು ಪ್ರವೇಶದ ದಾಖಲೆ ಎಲ್ಲಿ ಆಗುತ್ತದೆ ಎಂಬುದನ್ನು ಬರಹದ ಕೊನೆಗೆ ನಾಲ್ಕು ಸಾಲಿನಲ್ಲಿ, ಬರೆದ ತಿಂಗಳು ಮತ್ತು ವರ್ಷದೊಂದಿಗೆ ಕೊಡಿ. ತಿಂಗಳು ನಮೂದಿಸದ ಗಡಿಯ ಮಾಹಿತಿ ಹಳಸಿದ್ದೋ ತಾಜಾ ಇದ್ದದ್ದೋ ಓದುಗರಿಗೆ ಗೊತ್ತಾಗುವುದಿಲ್ಲ. ಗಡಿಠಾಣೆಗಳನ್ನು ನಡೆಸುವ ಸರ್ಕಾರಗಳಿಗೆ ಹೇಳಬೇಕಾದದ್ದು ಇನ್ನೂ ಸರಳ. ಲಾರಿಗಳಿಗೆ ತೂಕದ ಸೇತುವೆ, ಕಾರುಗಳಿಗೆ ನಾಲ್ಕು ಸಾಲು, ಗಣ್ಯರಿಗೆ ತಂಪಾದ ಕೋಣೆ ಕಟ್ಟಿಸುವವರು, ನಡೆದು ಬರುವವರ ಕಣ್ಣಿಗೆ ಬೀಳುವ ಎತ್ತರದಲ್ಲಿ, ಎರಡೂ ದೇಶಗಳ ಭಾಷೆಯಲ್ಲಿ ಮತ್ತು ಬಾಣದ ಗುರುತಿನೊಂದಿಗೆ, ವಿದೇಶಿಯರು ಮುಂದೆ ಹೋಗುವ ಮೊದಲು ಈ ಬಾಗಿಲಿಗೆ ಬರಬೇಕು ಎಂದು ಒಂದು ಫಲಕ ಹಾಕಿಸಲಿ. ಅದನ್ನು ಲಾರಿ ನಿಲ್ಲಿಸಲಾಗದ ಜಾಗದಲ್ಲಿ ಹಾಕಿಸಲಿ.

ತಮ್ಮ ವಿಶ್ವಾಸಿ,
ಓದುಗರೊಬ್ಬರು